ಅಂಗಳದ ಕಾರಿಗೆ ಒಂದು ಮಿಲಿಮೀಟರಿನ ಲೆಕ್ಕ

ಶುಕ್ರವಾರ ಜುಮಾ ಕಳೆದ ಮೇಲೆ ಗಲ್ಫಿನಿಂದ ನಮ್ಮ ಮನೆಗಳಿಗೆ ಬರುವ ಫೋನಿನಲ್ಲಿ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಉಮ್ಮನ ಶುಗರ್ ಎಷ್ಟುಂಟು, ಮಕ್ಕಳು ಮದ್ರಸಕ್ಕೆ ಸರಿಯಾಗಿ ಹೋಗ್ತಾರಾ, ಬಾವಿಯಲ್ಲಿ ನೀರುಂಟಾ. ಕೊನೆಗೊಂದು ಪ್ರಶ್ನೆ: ಕಾರು ಸ್ಟಾರ್ಟ್ ಮಾಡಿ ಇಟ್ರಾ? ಇಲ್ಲಿಂದ ಉತ್ತರವೂ ಒಂದೇ: ಹೌದು, ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದೆವು.

ಆ ಕಾರು ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಶೆಡ್ಡಿನಲ್ಲೇ ಇರುತ್ತದೆ. ಯಜಮಾನ ರಜೆಯಲ್ಲಿ ಬಂದಾಗ ಮದುವೆ, ಝಿಯಾರತ್, ಆಸ್ಪತ್ರೆ ಅಂತ ಓಡಾಟ. ಮತ್ತೆ ಬಟ್ಟೆ ಹೊದಿಸಿ ನಿಲ್ಲಿಸುವುದು. ಆದರೆ ಕಾರು ನಿಜವಾಗಿ ಬೇಕಾಗುವುದು ಅವರು ಇಲ್ಲದಾಗ. ಆಷಾಢದ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಉಪ್ಪನಿಗೆ ಎದೆನೋವು ಬಂದಾಗ, ಸೊಸೆಗೆ ಹೆರಿಗೆ ನೋವು ಶುರುವಾದಾಗ. ಆಗ ಕೀ ತಿರುಗಿಸಿದರೆ ಎಂಜಿನ್ ಬರೇ ಕೊರಕೊರ ಅನ್ನುತ್ತದೆ, ಹಿಡಿಯುವುದಿಲ್ಲ. 108ಕ್ಕೆ ಫೋನ್ ಮಾಡುವುದು ಸರಿಯೇ. ಆದರೆ ಕಾಡು ದಾರಿಯ ಮನೆಗೆ ಆಂಬುಲೆನ್ಸ್ ತಲುಪುವ ಆ ಹೊತ್ತು ಮನೆಯವರಿಗೆ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು.

ಕಾರು ಹಿಡಿಯದೇ ಇರಲು ಕಾರಣ ಹಲವು. ಮೊದಲ ಅನುಮಾನ ಬ್ಯಾಟರಿಯ ಮೇಲೆ. ಬ್ಯಾಟರಿ ಸರಿಯಿದ್ದು, ಎಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ನೋಡಬೇಕಾದ ವಸ್ತು ಬೆರಳುದ್ದದ್ದು: ಸ್ಪಾರ್ಕ್ ಪ್ಲಗ್. ಇದನ್ನು ಬಿಚ್ಚಿ, ಗ್ಯಾಪ್ ನೋಡಿ, ತಿರುಗಿ ಹಾಕುವ ಕೆಲಸ ಮನೆಯಲ್ಲೇ ಆಗುವಂಥದ್ದು. ಗಂಡಸರೇ ಬೇಕೆಂದಿಲ್ಲ, ಬಲವೂ ಬೇಡ. ಬೇಕಾದದ್ದು ತಾಳ್ಮೆ ಮತ್ತು ಸರಿಯಾದ ಅಳತೆ. ಒಂದು ಮಾತು ಮೊದಲೇ: ಇದು ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳ ವಿಷಯ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಅಲ್ಲಿರುವ ಗ್ಲೋ ಪ್ಲಗ್ಗಿನ ಕೆಲಸವೇ ಬೇರೆ.

ಸಂದಿನೊಳಗೆ ಎಂತ ಆಗ್ತದೆ?

ಪ್ಲಗ್ಗಿನ ತುದಿ ನೋಡಿ. ಬಿಳಿ ಪಿಂಗಾಣಿಯ ನಡುವಿನಿಂದ ಒಂದು ಕಡ್ಡಿ ಹೊರಬಂದಿರುತ್ತದೆ. ಅದರ ಮೇಲೆ ಪಕ್ಕದಿಂದ ಒಂದು ಕೊಕ್ಕೆ ಬಾಗಿರುತ್ತದೆ. ಕಡ್ಡಿ ಕೊಕ್ಕೆಗಳ ನಡುವಿನ ಸಂದಿಗೇ ಗ್ಯಾಪ್ ಎನ್ನುವುದು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹಲವು ಸಾವಿರ ವೋಲ್ಟ್‌ಗೆ ಏರಿಸುತ್ತದೆ. ಆ ವಿದ್ಯುತ್ ಈ ಸಂದನ್ನು ಹಾರುವಾಗ ಕಿಡಿ ಹುಟ್ಟುತ್ತದೆ, ಸಿಲಿಂಡರಿನೊಳಗಿನ ಪೆಟ್ರೋಲ್-ಗಾಳಿಯ ಮಿಶ್ರಣಕ್ಕೆ ಬೆಂಕಿ ಹಿಡಿಯುತ್ತದೆ. ಈ ವಿದ್ಯೆಗೆ ವಯಸ್ಸು ನೂರು ದಾಟಿದೆ. ಜರ್ಮನಿಯ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಪ್ಲಗ್ಗಿಗೆ 1902ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಹಳೆಯ ಡ್ರೈವರುಗಳು ಮೈಕೋ ಪ್ಲಗ್ ಎಂದು ಕರೆಯುತ್ತಿದ್ದದ್ದು ಅದೇ ಬಾಷ್‌ನ ಬೆಂಗಳೂರಿನ ಕಂಪೆನಿಯ ಸರಕು. 1951ರಲ್ಲಿ ಶುರುವಾದ ಆ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು.

ಕಾರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿ 1,500 ಸಲ ಬೆಂಕಿ ಹಿಡಿಯಬೇಕು. ಅಂದರೆ ಸೆಕೆಂಡಿಗೆ 25 ಸಲ. ಇಷ್ಟು ಸಲ ಕಿಡಿ ಹಾರಿದಾಗ ಲೋಹ ಸವೆಯದೇ ಇರುತ್ತದೆಯೇ? ಕಡ್ಡಿಯ ಚೂಪು ಅಂಚು ಉರುಟಾಗುತ್ತದೆ, ಸಂದು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತದೆ. ಸಂದು ದೊಡ್ಡದಾದಷ್ಟು ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸಾದಾ ರಸ್ತೆಯಲ್ಲಿ ಗೊತ್ತಾಗದಿದ್ದರೂ ಚಾರ್ಮಾಡಿ, ಶಿರಾಡಿ ಏರುವಾಗ ಎಂಜಿನ್ ಮುಗ್ಗರಿಸಲು ಶುರು. ಕಾಯಿಲ್‌ಗೂ ಭಾರ. ಸಂದು ತೀರಾ ಚಿಕ್ಕದಾದರೆ ಕಿಡಿಯೂ ಚಿಕ್ಕದು. ನಿಂತಲ್ಲಿ ಎಂಜಿನ್ ನಡುಗುತ್ತದೆ, ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ.

ಐದು ನಿಮಿಷದ ಸ್ಟಾರ್ಟ್ ಮಾಡುವ ಕೇಡು

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಕಾರಿಗೆ ಒಳ್ಳೆಯದು ಅಂತ ನಮ್ಮಲ್ಲಿ ಬಹಳ ಜನರ ನಂಬಿಕೆ. ಪ್ಲಗ್ಗಿನ ಕಡೆಯಿಂದ ನೋಡಿದರೆ ಇದು ತಿರುಗುಮುರುಗು. ತಣ್ಣಗಿನ ಎಂಜಿನ್‌ಗೆ ಹಿಡಿಯಲು ಹೆಚ್ಚು ಪೆಟ್ರೋಲ್ ಬೇಕು. ಹಳೆ ಗಾಡಿಯಲ್ಲಿ ನಾವೇ ಚೋಕ್ ಎಳೆಯುತ್ತಿದ್ದೆವು, ಈಗಿನದ್ದರಲ್ಲಿ ಕಂಪ್ಯೂಟರೇ ಹೆಚ್ಚು ಬಿಡುತ್ತದೆ. ಆ ಹೆಚ್ಚಿನ ಪೆಟ್ರೋಲಿನ ಮಸಿ ಪ್ಲಗ್ಗಿನ ತುದಿಗೆ ಕೂರುತ್ತದೆ. ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಕಾದ ಮೇಲೆ ಮಾತ್ರ ಆ ಮಸಿ ತಾನಾಗಿ ಸುಟ್ಟು ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದ ಎಂಜಿನ್‌ನಲ್ಲಿ ತುದಿ ಅಷ್ಟು ಕಾಯುವುದಿಲ್ಲ. ಹಾಗಾಗಿ ವಾರ ವಾರವೂ ಮಸಿಯ ಮೇಲೆ ಮಸಿ. ಮಸಿಗೆ ವಿದ್ಯುತ್ ಹರಿಯುವ ಗುಣ ಉಂಟು. ಕಿಡಿಯಾಗಿ ಸಂದು ಹಾರಬೇಕಾದ ವಿದ್ಯುತ್ ಪಿಂಗಾಣಿಯ ಮೇಲಿನ ಮಸಿಯಲ್ಲಿ ಜಾರಿ ಹೋಗುತ್ತದೆ. ಕಿಡಿ ಇಲ್ಲದಿದ್ದರೆ ಪ್ಲಗ್ ಪೆಟ್ರೋಲಿನಲ್ಲಿ ನೆನೆಯುತ್ತದೆ. ಆಮೇಲೆ ಎಷ್ಟು ಕೀ ತಿರುಗಿಸಿದರೂ ಅಷ್ಟೇ.

ಇದರ ಮೇಲೆ ನಮ್ಮ ಕರಾವಳಿಯ ಥಂಡಿ ಬೇರೆ. ಮಳೆಗಾಲದಲ್ಲಿ ಹಳೆ ಪ್ಲಗ್ ವೈರಿನ ರಬ್ಬರಿನಲ್ಲಿ ಸಣ್ಣ ಬಿರುಕಿದ್ದರೂ ಸಾಕು, ವಿದ್ಯುತ್ ಹೊರಗೆ ಸೋರುತ್ತದೆ. ರಾತ್ರಿ ಬಾನೆಟ್ ಎತ್ತಿ, ಲೈಟ್ ಆಫ್ ಮಾಡಿ, ಎಂಜಿನ್ ಓಡುತ್ತಿರುವಾಗ ದೂರದಿಂದಲೇ ನೋಡಿದರೆ ನೀಲಿ ಕಿಡಿ ಕಾಣುವುದೂ ಉಂಟು.

ಪರಿಹಾರ ಕಷ್ಟದ್ದಲ್ಲ. ಲೈಸೆನ್ಸ್ ಇರುವವರು ಮನೆಯಲ್ಲಿದ್ದರೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷವಾದರೂ ಕಾರನ್ನು ರಸ್ತೆಯಲ್ಲಿ ಓಡಿಸಬೇಕು. ಎಂಜಿನ್ ಪೂರ್ತಿ ಬಿಸಿಯಾಗಬೇಕು. ಅಷ್ಟಾಗುವುದಿಲ್ಲವಾದರೆ ಸುಮ್ಮನೆ ಸ್ಟಾರ್ಟ್ ಮಾಡುವುದಕ್ಕಿಂತ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟು, ತಿಂಗಳಿಗೆ ಒಂದೆರಡು ಸಲ ನೆಂಟರಲ್ಲಿ ಯಾರನ್ನಾದರೂ ಕರೆದು ಓಡಿಸುವುದು ಮೇಲು.

ಬ್ಲೇಡಿನ ಅಳತೆ ಈಗ ನಡೆಯುವುದಿಲ್ಲ

ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಕಬ್ಬಿಣ ಕೊಯ್ಯುವ ಹ್ಯಾಕ್‌ಸಾ ಬ್ಲೇಡನ್ನು ಸಂದಿಗೆ ತೂರಿಸಿ ಗ್ಯಾಪ್ ನೋಡುವ ಕ್ರಮ ಇತ್ತು. ಅದು ತಪ್ಪೂ ಆಗಿರಲಿಲ್ಲ. ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಸ್ಕೂಟರು, ಬೈಕುಗಳಿಗೆ ಮತ್ತು 0.7-0.8 ಮಿ.ಮೀ. ಬೇಕಾಗುತ್ತಿದ್ದ ಹಳೆಯ ಕಾರ್ಬ್ಯುರೇಟರ್ ಕಾರುಗಳಿಗೆ ಕಣ್ಣಂದಾಜಿಗೆ ಅದು ಸಾಕಾಗುತ್ತಿತ್ತು. 1983ರಲ್ಲಿ ಮಾರುತಿ 800, ಮರುವರ್ಷ ಮಾರುತಿ ವ್ಯಾನ್ ಬಂತು. ಆ ವ್ಯಾನೇ ಮುಂದೆ ಓಮ್ನಿ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮೀನು ಸಾಗಿಸುವುದರಿಂದ ಹಿಡಿದು ಶಾಲಾ ಮಕ್ಕಳನ್ನು ಬಿಡುವ ತನಕ ಎಲ್ಲದಕ್ಕೂ ಆಯಿತು. ಆ ಕಾಲದ ಕೈಗಳು ಕಲಿತದ್ದು ಬ್ಲೇಡಿನ ಅಳತೆ.

2000ದ ಸುಮಾರಿಗೆ ಹೊಗೆಯ ಕಾನೂನು ಬಿಗಿಯಾಗಿ ಕಾರುಗಳಿಗೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಈಗಿನ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ 1.0ರಿಂದ 1.1 ಮಿ.ಮೀ. ಗ್ಯಾಪ್ ಬೇಕು. ಅದನ್ನು ಬ್ಲೇಡಿನ ದಪ್ಪಕ್ಕೆ ತಟ್ಟಿ ಕೂರಿಸಿದರೆ ಹೊಸ ಪ್ಲಗ್ಗಿನ ಹಣವೂ ದಂಡ, ಪೆಟ್ರೋಲೂ ದಂಡ. ನಿಮ್ಮ ಕಾರಿನ ಅಳತೆ ಎಷ್ಟು ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಸಿಎನ್‌ಜಿ ಇದ್ದರೂ ಅದನ್ನೇ ನೋಡಬೇಕು. ಆ ಪುಸ್ತಕ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನಲ್ಲಿ ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ, ಓದದೇ ಬಿದ್ದಿರುತ್ತದೆ!

ಅಳೆಯಲು ಬೇಕಾದದ್ದು ಫೀಲರ್ ಗೇಜ್. ತಂತಿಯಂಥ ಕಡ್ಡಿಗಳಿರುವ ಗೇಜ್ ಪ್ಲಗ್ಗಿಗೆ ಒಳ್ಳೆಯದು. 1.0 ಮಿ.ಮೀ. ಬೇಕಾದಲ್ಲಿ 1.0 ಕಡ್ಡಿ ಸಂದಿನಲ್ಲಿ ಸ್ವಲ್ಪ ತಾಗಿಕೊಂಡು ಹೋಗಬೇಕು, 1.1 ಕಡ್ಡಿ ಹೋಗಬಾರದು. ಸಂದು ದೊಡ್ಡದಾಗಿದ್ದರೆ ಕೊಕ್ಕೆಯನ್ನು ಮರದ ತುಂಡಿಗೆ ಮೆಲ್ಲಗೆ ತಟ್ಟಬೇಕು. ಚಿಕ್ಕದಾಗಿದ್ದರೆ ಗೇಜಿನಲ್ಲೇ ಇರುವ ಸೀಳಿನಿಂದ ಕೊಕ್ಕೆಯನ್ನು ಮಾತ್ರ ಹಿಡಿದು ಎತ್ತಬೇಕು. ನಡುವಿನ ಕಡ್ಡಿಗೆ, ಪಿಂಗಾಣಿಗೆ ಯಾವುದನ್ನೂ ಒತ್ತು ಕೊಟ್ಟು ಮೀಟಬಾರದು. ಒಂದೇ ಸಲಕ್ಕೆ ಜೋರಾಗಿ ಬಗ್ಗಿಸಬಾರದು. ಸ್ವಲ್ಪ ಬಗ್ಗಿಸಿ, ಅಳೆದು, ಮತ್ತೆ ಸ್ವಲ್ಪ.

ಇರಿಡಿಯಂ, ಪ್ಲಾಟಿನಂ ಪ್ಲಗ್ಗುಗಳಾದರೆ ಕಡ್ಡಿ ಸೂಜಿಯ ಹಾಗೆ ತೆಳು. ಕಂಪೆನಿಯಿಂದಲೇ ಗ್ಯಾಪ್ ಹೊಂದಿಸಿ ಬರುತ್ತದೆ. ಅದನ್ನು ಅಳೆದು ನೋಡಿದರೆ ಸಾಕು, ಮೀಟಲು ಹೋಗಬೇಡಿ. ಸರಿಯಿಲ್ಲದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಅಳತೆ ಎಂಬುದು ನಮಗೆ ಹೊಸ ಮಾತಲ್ಲ. 'ಬ್ಯಾರ' ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುವವರು ಬಹಳ ಮಂದಿ. ಅಳತೆ-ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುವ ಸೂರಾವೇ ಕುರ್‌ಆನಿನಲ್ಲಿ ಉಂಟು, ಅಲ್-ಮುತಫ್ಫಿಫೀನ್. ಅಕ್ಕಿ, ಮೀನಿನ ತಕ್ಕಡಿಗೆ ಹೇಳುವ ಮಾತು ಗ್ಯಾರೇಜಿನ ಗೇಜಿಗೂ ಹೇಳಬಹುದು. ಅಂದಾಜಿನಲ್ಲಿ ಹಾಕಿ ಸರಿಯಾಯ್ತು ಎಂದು ಗಾಡಿ ಕೊಡುವುದು ಗಿರಾಕಿಯ ಹಕ್ಕಿನಲ್ಲಿ ಕಡಿತ ಮಾಡಿದ ಹಾಗೆಯೇ.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಸುಬಹ್ ನಮಾಝ್ ಕಳೆದ ಹೊತ್ತು ಒಳ್ಳೆಯದು. ಸಿಲಿಂಡರ್ ಹೆಡ್ ಅಲ್ಯುಮಿನಿಯಂನದ್ದು, ಪ್ಲಗ್ಗಿನ ಮೈ ಉಕ್ಕಿನದ್ದು. ಬಿಸಿಯಲ್ಲಿ ಬಿಚ್ಚಿದರೆ ಮೆದುವಾದ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುವ ಅಪಾಯ ಉಂಟು. ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಹತ್ತಿರ ಬೀಡಿ, ಸಿಗರೇಟು, ಗ್ಯಾಸ್ ಒಲೆ ಬೇಡ.

ಓಮ್ನಿಯಾದರೆ ಮುಂದಿನ ಸೀಟು ಎತ್ತಬೇಕು, ಎಂಜಿನ್ ಅದರ ಅಡಿಯಲ್ಲಿ. ಬೇರೆ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಆಯಿತು. ಹಳೆಯದರಲ್ಲಿ ದಪ್ಪ ಪ್ಲಗ್ ವೈರುಗಳು ಕಾಣುತ್ತವೆ. ಹೊಸದರಲ್ಲಿ ಪ್ರತಿಯೊಂದು ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್, ಅದಕ್ಕೊಂದು ಕನೆಕ್ಟರ್, ಒಂದು ಬೋಲ್ಟ್. ವೈರನ್ನು ಹಿಡಿದು ಎಳೆಯಬಾರದು, ಒಳಗಿನ ಎಳೆ ತುಂಡಾಗುತ್ತದೆ. ತುದಿಯ ರಬ್ಬರ್ ಕ್ಯಾಪನ್ನು ಹಿಡಿದು ಸ್ವಲ್ಪ ತಿರುಚಿ ಎಳೆಯಬೇಕು.

ಒಂದು ಸಲಕ್ಕೆ ಒಂದೇ ಪ್ಲಗ್. ಇದನ್ನು ಮರೆಯಬೇಡಿ. ಮೂರೂ ವೈರ್ ಒಟ್ಟಿಗೆ ಬಿಚ್ಚಿ ಆಮೇಲೆ ಯಾವುದು ಎಲ್ಲಿಗೆ ಅಂತ ಗೊಂದಲವಾದರೆ ಕಿಡಿಯ ಸರದಿ ತಪ್ಪುತ್ತದೆ, ಎಂಜಿನ್ ಓಡುವುದಿಲ್ಲ.

ಪ್ಲಗ್ ಸಡಿಲಿಸುವ ಮೊದಲು ಅದರ ಸುತ್ತ ಊದಿ ಸ್ವಚ್ಛ ಮಾಡಬೇಕು. ಸೈಕಲ್ ಪಂಪ್ ಸಾಕು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕೆಂಪು ಮಣ್ಣಿನ ಧೂಳು, ತರಗೆಲೆ, ಕೆಲವೊಮ್ಮೆ ಇಲಿ ತಂದ ಅಡಿಕೆ ಸಿಪ್ಪೆ ಕೂಡ ಪ್ಲಗ್ಗಿನ ಗುಳಿಯಲ್ಲಿ ಇರುತ್ತದೆ. ಒಂದು ಕಲ್ಲಿನ ಚೂರು ಸಿಲಿಂಡರಿಗೆ ಬಿದ್ದರೆ ಕೆಲಸ ಕೆಟ್ಟಿತು.

ಪ್ಲಗ್ ಸಾಕೆಟ್ ಹೆಚ್ಚಾಗಿ 16 ಅಥವಾ 21 ಮಿ.ಮೀ. ಸೈಜಿನದ್ದು ಬೇಕಾಗುತ್ತದೆ. ಒಳಗೆ ರಬ್ಬರ್ ಇರುವ ಸಾಕೆಟ್ ಆದರೆ ಪ್ಲಗ್ಗನ್ನು ಹಿಡಿದುಕೊಳ್ಳುತ್ತದೆ, ಪಿಂಗಾಣಿಯೂ ಒಡೆಯುವುದಿಲ್ಲ. ಸಾಕೆಟನ್ನು ನೇರ ಕೂರಿಸಿ ಎಡಕ್ಕೆ ತಿರುಗಿಸಿ. ಬಹಳ ಬಿಗಿ ಉಂಟೆಂದಾದರೆ ಮೇಲೆ ಹತ್ತಿ ನಿಲ್ಲುವ ಸಾಹಸ ಬೇಡ. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿ.

ಹಳೆ ಪ್ಲಗ್ ಹೇಳುವ ಸುದ್ದಿ

ಬಿಚ್ಚಿದ ಪ್ಲಗ್ಗುಗಳನ್ನು ಬಂದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಡಿ. ತುದಿಯ ಬಣ್ಣ ನೋಡಿದರೆ ಎಂಜಿನ್ನಿನ ಆರೋಗ್ಯ ಗೊತ್ತಾಗುತ್ತದೆ. ತಿಳಿ ಕಂದು ಅಥವಾ ಬೂದು ಇದ್ದರೆ ಎಲ್ಲ ಕ್ಷೇಮ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಆಗಲೇ ಹೇಳಿದ ಐದು ನಿಮಿಷದ ಸ್ಟಾರ್ಟ್. ಎಣ್ಣೆಯ ಜಿಡ್ಡು ಇದ್ದರೆ ಆಯಿಲ್ ಸಿಲಿಂಡರಿಗೆ ಬರುತ್ತಿದೆ. ಅದು ಪ್ಲಗ್ ಬದಲಿಸಿ ಮುಗಿಯುವ ರೋಗವಲ್ಲ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ, ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಮೂರರಲ್ಲಿ ಒಂದೇ ಪ್ಲಗ್ ಬೇರೆ ಬಣ್ಣ ಇದ್ದರೆ ತೊಂದರೆ ಆ ಒಂದು ಸಿಲಿಂಡರಿನಲ್ಲಿ. ಈ ಕಾರಣಕ್ಕೇ ಕ್ರಮ ತಪ್ಪಿಸಬಾರದು.

ಬರೇ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ ತಿರುಗಿ ಹಾಕಬಹುದು. ಕಡ್ಡಿ ಸವೆದು ಉರುಟಾಗಿದ್ದರೆ ಗ್ಯಾಪ್ ತಟ್ಟಿ ಸರಿಮಾಡುವ ಬದಲು ಹೊಸದು ಹಾಕುವುದು ಒಳ್ಳೆಯದು. ಒಂದು ಸಾದಾ ನಿಕ್ಕೆಲ್ ಪ್ಲಗ್ಗಿನ ಬೆಲೆ ಹೊಟೇಲಿನ ಒಂದು ಪ್ಲೇಟ್ ಬಿರಿಯಾನಿಯ ಆಸುಪಾಸು. ಹಾಕುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಕೊಳ್ಳುವಾಗ ಪ್ಲಗ್ಗಿನ ನಂಬರ್ ಪುಸ್ತಕದಲ್ಲಿ ಇದ್ದಂತೆಯೇ ಇರಲಿ. ಬ್ರ್ಯಾಂಡ್ ಬದಲಿಸುವಾಗ ಎಚ್ಚರ. ಎನ್‌ಜಿಕೆಯಲ್ಲಿ ಉಷ್ಣದ ಅಂಕಿ ಹೆಚ್ಚಾದಷ್ಟು ಪ್ಲಗ್ ತಂಪು, ಬಾಷ್‌ನಲ್ಲಿ ಅಂಕಿ ಹೆಚ್ಚಾದಷ್ಟು ಬಿಸಿ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಿಡಿದು ತಂದರೆ ಪೂರಾ ಉಲ್ಟಾ. ಅಗ್ಗಕ್ಕೆ ಸಿಗುತ್ತದೆಂದು ಪರಿಚಯವಿಲ್ಲದವರಿಂದ ಕೊಳ್ಳಬೇಡಿ, ನಕಲಿ ಮಾಲಿಗೆ ಕೊರತೆ ಇಲ್ಲ.

ಹಾಕುವಾಗ ಬೆರಳೇ ಸಾಕು

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಇಲ್ಲಿ. ಪ್ಲಗ್ ಸ್ವಲ್ಪ ಓರೆಯಾಗಿ ಕೂತಾಗ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಹೆಡ್ಡಿನ ಥ್ರೆಡ್ ಹಾಳು. ಮತ್ತೆ ಹೊಸ ಥ್ರೆಡ್ ಹಾಕಿಸಬೇಕು. ಹೆಡ್ ಇಳಿಸಬೇಕಾಗಿ ಬಂದರೆ ಸಾವಿರ ಸಾವಿರದ ಲೆಕ್ಕ.

ಇದಕ್ಕೆ ಗ್ಯಾರೇಜಿನವರ ಒಂದು ಸುಲಭ ಉಪಾಯ ಉಂಟು. ಒಂದು ಗೇಣುದ್ದದ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ಮೇಲಿನ ತುದಿಗೆ ಸಿಕ್ಕಿಸಿ. ಪೈಪ್ ಹಿಡಿದು ಪ್ಲಗ್ಗನ್ನು ಗುಳಿಗೆ ಇಳಿಸಿ. ಮೊದಲು ಎಡಕ್ಕೆ ಮೆಲ್ಲ ತಿರುಗಿಸಿ. ಥ್ರೆಡ್ಡಿಗೆ ಥ್ರೆಡ್ ಕೂತಾಗ ಸಣ್ಣಗೆ 'ಟಕ್' ಅಂತ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ. ಓರೆಯಾಗಿದ್ದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಸರಿಯಾಗಿದ್ದರೆ ಬೆರಳಿನ ಬಲದಲ್ಲೇ ಕೊನೆಯ ತನಕ ಹೋಗುತ್ತದೆ.

ವಾಷರ್ ಹೆಡ್ಡಿಗೆ ತಾಗಿ ನಿಂತ ಮೇಲೆ ಮಾತ್ರ ಸ್ಪ್ಯಾನರ್. ವಾಷರ್ ಇರುವ 14 ಮಿ.ಮೀ. ಥ್ರೆಡ್ಡಿನ ಹೊಸ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ಹಳೆಯದನ್ನೇ ತಿರುಗಿ ಹಾಕುವುದಾದರೆ ವಾಷರ್ ಆಗಲೇ ಅಮುಕಿರುತ್ತದೆ. ಒಂದು ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು ಸಾಕು. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟೇ! ವಾಷರ್ ಇಲ್ಲದೆ ಇಳಿಜಾರು ಕುತ್ತಿಗೆ ಇರುವ ಪ್ಲಗ್ಗಾದರೆ ಅದಕ್ಕಿಂತಲೂ ಕಡಿಮೆ. ಟಾರ್ಕ್ ರೆಂಚ್ ಇದ್ದವರಿಗೆ 14 ಮಿ.ಮೀ. ಥ್ರೆಡ್ಡಿನ ವಾಷರ್ ಪ್ಲಗ್ಗಿನ ಲೆಕ್ಕ 25ರಿಂದ 30 ನ್ಯೂಟನ್ ಮೀಟರ್. ಥ್ರೆಡ್ ತೆಳುವಾದಷ್ಟು ಲೆಕ್ಕವೂ ಇಳಿಯುತ್ತದೆ. ಥ್ರೆಡ್ಡಿಗೆ ಗ್ರೀಸ್, ಆಯಿಲ್ ಹಚ್ಚಬೇಡಿ. ಜಾರುವುದರಿಂದ ಅರಿವಿಲ್ಲದೆ ಬಿಗಿ ಹೆಚ್ಚಾಗುತ್ತದೆ. ಸಡಿಲ ಬಿಟ್ಟರೂ ತೊಂದರೆ. ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯದೆ ತುದಿ ಸುಡುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಲೇಬೇಡಿ, ಪಿಂಗಾಣಿಯ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ.

ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿ ಕಿಡಿ ನೋಡುವ ಹಳೆ ಪರೀಕ್ಷೆ ಇಂಜೆಕ್ಷನ್ ಕಾರುಗಳಲ್ಲಿ ಬೇಡ. ತೆರೆದ ಗುಳಿಯಿಂದ ಪೆಟ್ರೋಲ್ ಆವಿ ಹೊರಬಂದರೆ ಬೆಂಕಿ ಹಿಡಿಯಬಹುದು, ಕಂಪ್ಯೂಟರ್ ಬಾಕ್ಸ್ ಕೂಡ ಕೆಡಬಹುದು.

ಗ್ಯಾರೇಜಿಗೆ ಬಿಡಬೇಕಾದದ್ದು

ಪ್ಲಗ್ ಬದಲಿಸಿಯೂ ಎಂಜಿನ್ ಮುಗ್ಗರಿಸಿದರೆ, ಓಡುವಾಗ ಚೆಕ್ ಎಂಜಿನ್ ಲೈಟ್ ಮಿಣುಕಿದರೆ, ಗಾಡಿಯನ್ನು ಹಾಗೇ ಓಡಿಸಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆ ಪ್ಲಗ್ಗಿನ ಹಾಗಲ್ಲ. ಕಾಯಿಲ್, ಇಂಜೆಕ್ಟರ್, ಸೆನ್ಸರ್ ಇವೆಲ್ಲ ಸ್ಕ್ಯಾನರ್ ಇಟ್ಟು ನೋಡುವವರ ಕೆಲಸ. ಗಲ್ಫಿನ ವರ್ಕ್‌ಶಾಪುಗಳಲ್ಲಿ ವರ್ಷಗಟ್ಟಲೆ ದುಡಿದು ಬಂದು ಊರಲ್ಲಿ ಗ್ಯಾರೇಜ್ ಇಟ್ಟವರು ನಮ್ಮಲ್ಲಿ ಇದ್ದಾರೆ. ಅವರಲ್ಲಿ ಪ್ಲಗ್ಗಿನ ಅಳತೆ ಕೇಳಿದರೆ ಸಿಟ್ಟಾಗುವುದಿಲ್ಲ. ಗೊತ್ತಿರುವ ಗಿರಾಕಿ ಒಳ್ಳೆ ಕೆಲಸಗಾರನಿಗೆ ಸಮಾಧಾನವೇ. ಅವರ ಕೂಲಿಯಲ್ಲಿ ಚೌಕಾಸಿ ಮಾಡುವ ಬದಲು ಬಿಚ್ಚಿದ ಹಳೆ ಪ್ಲಗ್ ತೋರಿಸಲು ಹೇಳಿ, ಹೊಸದರ ಗ್ಯಾಪ್ ಎದುರಿಗೇ ಅಳೆಯಲು ಹೇಳಿ.

ಈಗ ನಮ್ಮ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಲೈಸೆನ್ಸ್ ಮಾಡಿಸಿಕೊಂಡಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಅವರೇ. ಕಾರು ಓಡಿಸಲು ಕಲಿತವರಿಗೆ ಬಾನೆಟ್ ಎತ್ತಲು ಯಾಕೆ ಕಲಿಸಬಾರದು? ಹೊಲಿಗೆ ಮೆಷಿನ್ನಿನ ಸೂಜಿ ಹಾಕುವ, ನೂಲಿನ ಬಿಗಿ ನೋಡುವ ಕೈಗಳಿಗೆ 1.0 ಮಿ.ಮೀ. ಸಂದು ಸರಿ ಮಾಡುವುದು ಕಷ್ಟದ ಕೆಲಸವಲ್ಲ. ಬರೇ ಬಲದ ಮೇಲೆ ಕೆಲಸ ಮಾಡುವ ಹುಡುಗರಿಗಿಂತ ಅವರಿಂದ ಥ್ರೆಡ್ ಹಾಳಾಗುವುದು ಕಡಿಮೆಯೇ ಇರಬಹುದು.

ಮುಂದಿನ ರಜೆಯಲ್ಲಿ ಬರುವವರಿಗೆ ನಮ್ಮದೊಂದು ಸಲಹೆ. ಪೆಟ್ಟಿಗೆಯಲ್ಲಿ ಅತ್ತರು, ಚಾಕೊಲೇಟಿನ ಜೊತೆ ಒಂದು ಒಳ್ಳೆಯ ಪ್ಲಗ್ ಸಾಕೆಟ್, ಒಂದು ಫೀಲರ್ ಗೇಜ್ ಇರಲಿ. ಒಂದು ಬೆಳಿಗ್ಗೆ ಮನೆಯವರನ್ನು ಕಾರಿನ ಹತ್ತಿರ ನಿಲ್ಲಿಸಿ ಒಂದು ಪ್ಲಗ್ ನೀವು ಬಿಚ್ಚಿ ತೋರಿಸಿ, ಉಳಿದದ್ದು ಅವರೇ ಬಿಚ್ಚಲಿ. ಬದಲಿಸಿದ ತಾರೀಕು, ಕಿಲೋಮೀಟರ್, ಗ್ಯಾಪಿನ ಅಳತೆ ಬರೆದ ಚೀಟಿಯನ್ನು ಬಾನೆಟ್ಟಿನ ಒಳಭಾಗಕ್ಕೆ ಅಂಟಿಸಿ. ಗೇಜನ್ನು ಮಾತ್ರ ನಿಮ್ಮ ಸೂಟ್‌ಕೇಸಿಗೆ ಹಾಕಿಕೊಂಡು ಹೋಗಬೇಡಿ. ಅದು ಕಾರಿನಲ್ಲೇ ಇರಲಿ.